ಹೊಡೆದುಹಾಕಬೇಕಾದ ಸಾಲು

ವರದಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿದ್ದ ಗುರುಗಳನ್ನು ಸುತ್ತಲಿನ ಜನ ಅಜ್ಜಾರು ಎಂದು ಕರೆಯುತ್ತಿದ್ದರು.

ಅಜ್ಜಾರ ಶಿಷ್ಯರಲ್ಲಿ ಗುದ್ಲೆಪ್ಪ ಒಬ್ಬ. ಪೇಟೆಯಲ್ಲಿ ಅವನದೊಂದು ಹೊಲಿಗೆ ಅಂಗಡಿ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದು ಅವನ ಕಸುಬು. ಧ್ಯಾನಕ್ಕೆ ಕೂತಾಗಲೂ ಮುಂದೆ ಕೂತವನ ಅಂಗಿಯ ಅಳತೆಯನ್ನು ಕಣ್ಣಲ್ಲೇ ತೆಗೆಯುವ ಆಸಾಮಿ.

ದೀಪಾವಳಿಗೆ ನಾಲ್ಕು ದಿನ ಉಳಿದಿತ್ತು. ಪಾಡ್ಯದ ದಿನ ಅಂಗಡಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ. ಅದಕ್ಕೂ ಮೊದಲು, ಬರುವ ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂಬ ಅಂದಾಜನ್ನು ಮೊದಲ ಹಾಳೆಯಲ್ಲಿ ಬರೆದು, ಅದಕ್ಕೆ ಅಜ್ಜಾರ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋಗುವುದು ಅವನ ಅಪ್ಪನ ಕಾಲದ ಪದ್ಧತಿ.

ಆ ವರ್ಷವೂ ಬಂದ. ಆದರೆ ಕೂರಲಿಲ್ಲ. ಆಶ್ರಮದ ಕಟ್ಟೆಯಿಂದ ನದಿಯವರೆಗೆ ಹೋದ, ಅಲ್ಲಿಂದ ತಿರುಗಿ ಬಂದ. ಪುಸ್ತಕವನ್ನು ಬಲಗಂಕುಳಿನಿಂದ ಎಡಗಂಕುಳಿಗೆ ಬದಲಿಸಿದ. ಮತ್ತೆ ನದಿಯ ಕಡೆ ಹೊರಟ.

“ಪುಸ್ತಕ ತಂದೀಯೋ, ಅದನ್ನ ಅಡ್ಡಾಡಸಾಕ ಕರಕೊಂಡು ಬಂದೀಯೋ?” ಎಂದರು ಅಜ್ಜಾರು.

ಗುದ್ಲೆಪ್ಪ ನಿಂತ. ನಿಂತಲ್ಲೇ ಎಲ್ಲ ಹೇಳಿಬಿಟ್ಟ. ಒಂದು ದೊಡ್ಡ ಶಾಲೆಯವರು ಈ ಸಲ ರೆಡಿಮೇಡ್ ಬಟ್ಟೆ ತರಿಸುತ್ತೇವೆ ಎಂದುಬಿಟ್ಟಿದ್ದಾರೆ. ಮೂರು ರಾತ್ರಿ ನಿದ್ದೆಗೆಟ್ಟು ಅಂದಾಜು ಬರೆದಿದ್ದಾನೆ. ಹೇಗೆ ಕೂಡಿಸಿ ಕಳೆದರೂ ವರ್ಷಕ್ಕೆ ಐವತ್ತು ಸಾವಿರ ಕಡಿಮೆ ಬೀಳುತ್ತದೆ. ಬಾಡಿಗೆ ಬಿಡುವಂತಿಲ್ಲ, ಮಷೀನಿನ ಕಂತು ನಿಲ್ಲಿಸುವಂತಿಲ್ಲ, ಕಟಿಂಗ್ ಮಾಸ್ತರನನ್ನು ಕಳಿಸಿದರೆ ಅಂಗಡಿಗೇ ಬೀಗ.

ಉಳಿದದ್ದು ಮಾಬೂಬಿ. ಅಂಗಿಗಳ ಗುಂಡಿತೂತಿಗೆ ಕೈಯಿಂದ ಕಾಜಾ ಹಾಕಿ ಗುಂಡಿ ಹಚ್ಚುವವಳು. ತಿಂಗಳಿಗೆ ನಾಲ್ಕೂವರೆ ಸಾವಿರದಂತೆ ವರ್ಷಕ್ಕೆ ಐವತ್ನಾಲ್ಕು ಸಾವಿರ. ಅವಳನ್ನು ತೆಗೆದರೆ ಲೆಕ್ಕ ಸರಿಹೋಗಿ ನಾಲ್ಕು ಸಾವಿರ ಮೇಲೆಯೇ ಉಳಿಯುತ್ತದೆ. ಕಾಜಾ ಹಾಕಲು ಈಗ ಮಷೀನೂ ಬಂದಿದೆ.

ಅವಳ ಹೆಸರಿನ ಮೇಲೆ ಅವನು ಪೆನ್ಸಿಲಿನಿಂದ ಗೆರೆ ಎಳೆದಾಗಿತ್ತು. ಪೆನ್ನು ಹಿಡಿಯುವ ಧೈರ್ಯ ಮಾತ್ರ ಬಂದಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಮೂರು ತಿಂಗಳು ಪಗಾರದ ಮಾತೇ ಎತ್ತದೆ ದುಡಿದವಳು ಅವಳು. ಈ ದಿನ ಬೆಳಿಗ್ಗೆಯಷ್ಟೇ, ಕಣ್ಣು ಮಂಜಾಗುತ್ತಿದೆ, ದೊಡ್ಡ ಕಣ್ಣಿನ ಸೂಜಿ ತಂದುಕೊಡು ಎಂದಿದ್ದಳು. ಅವನಿಗೆ ಅವಳ ಮುಖ ನೋಡಲು ಆಗಿರಲಿಲ್ಲ.

“ನೀವು ಒಂದು ಮಾತು ಹೂಂ ಅಂದ್ರ ಸಾಕ್ರಿ ಅಜ್ಜಾರ. ನನ್ನ ಮನಸ್ಸು ನಿಲ್ಲತೈತಿ.”

ಅಜ್ಜಾರು ಪುಸ್ತಕದ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ಒಂದು ಬುಟ್ಟಿ ತಂದಿಟ್ಟರು. ಅದರ ತುಂಬ ಹುರಿದ ಶೇಂಗಾಕಾಯಿ.

ಸಂಜೆ ಭಜನೆಗೆ ಹನ್ನೆರಡು ಮಂದಿ ಬರುತ್ತಾರೆ, ತಲೆಗೊಂದು ಬೊಗಸೆಯಂತೆ ಹನ್ನೆರಡು ಎಲೆಗೆ ಹಾಕಿಡು ಎಂದರು. ಬೊಗಸೆ ಅಳೆದೇ ತುಂಬಿಸಿದ್ದೇನೆ, ಸರಿಯಾಗಿ ಹನ್ನೆರಡಿದೆ ಎಂದರು. ಪಂಚೆ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಇಳಿದುಹೋದರು.

ಗುದ್ಲೆಪ್ಪನಿಗೆ ಸಿಟ್ಟು ಬಂತು. ಮನುಷ್ಯ ಇಲ್ಲಿ ಉರಿಯುತ್ತಿದ್ದರೆ ಇವರಿಗೆ ಶೇಂಗಾದ ಚಿಂತೆ. ಆದರೂ ಗುರುಗಳ ಮಾತು. ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿದ.

ಕೈ ಎಲೆಯ ಮೇಲೆ, ತಲೆ ಅಂಗಡಿಯಲ್ಲಿ. ಫೆಬ್ರುವರಿಯಲ್ಲಿ ಬಟ್ಟೆಯವನಿಗೆ ಮುಂಗಡ ಕೊಡಬೇಕು. ದುಡ್ಡು ಬರುವುದು ಜೂನಿಗೆ. ನಡುವಿನ ನಾಲ್ಕು ತಿಂಗಳು ಹೇಗೆ? ಬಗ್ಗಿ ಎರಡು ಎಲೆ ತುಂಬಿಸಿದ, ನೆಟ್ಟಗೆ ನಿಂತ, ನದಿಯ ಕಡೆ ನಾಲ್ಕು ಹೆಜ್ಜೆ ಹಾಕಿದ. ಬೆರಳು ತಾವಾಗಿಯೇ ಒಂದು ಕಾಯಿ ಒಡೆದವು. ಕಾಳು ಬಾಯಿಗೆ ಹೋಯಿತು. ತಿರುಗಿ ಬಂದು ಇನ್ನೊಂದು ಎಲೆ ತುಂಬಿಸಿದ. ಮತ್ತೆ ನಡೆದ.

ಹನ್ನೊಂದು ಎಲೆ ತುಂಬಿದವು. ಹನ್ನೆರಡನೆಯದಕ್ಕೆ ಅರ್ಧ ಬೊಗಸೆಯೂ ಉಳಿದಿರಲಿಲ್ಲ.

ಬೊಗಸೆ ದೊಡ್ಡದಾಯಿತೇನೋ ಎಂದುಕೊಂಡ. ಎಲ್ಲವನ್ನೂ ಬುಟ್ಟಿಗೆ ಸುರಿದು ಮೊದಲಿನಿಂದ ಹಾಕಿದ. ಈ ಸಲ ತಲೆಯಲ್ಲಿ ಮಾಬೂಬಿ ಇದ್ದಳು. ಅವಳಿಗೆ ಏನೆಂದು ಹೇಳುವುದು? ಹಬ್ಬದ ಮೊದಲು ಹೇಳುವುದೋ, ಆಮೇಲೋ? ಹಬ್ಬದ ಸೀರೆ ಕೊಟ್ಟು ಹೇಳಿದರೆ ಚೆನ್ನಾಗಿರುತ್ತದೆಯೇ? ಅವನಿಗೇ ನಾಚಿಕೆಯಾಯಿತು. ಅಡ್ಡಾಡಿದ, ಒಡೆದ, ಅಗಿದ, ಮತ್ತೆ ಅಡ್ಡಾಡಿದ.

ಹನ್ನೆರಡನೆಯ ಎಲೆಗೆ ಈ ಸಲ ಬಿದ್ದದ್ದು ನಾಲ್ಕೇ ಕಾಯಿ.

ಅಜ್ಜಾರು ಒದ್ದೆ ಪಂಚೆ ಹಿಂಡುತ್ತ ಮೇಲೆ ಬಂದರು.

“ಸಾಲ್ವಲ್ದ್ರಿ ಅಜ್ಜಾರ,” ಎಂದ ಗುದ್ಲೆಪ್ಪ. “ನೀವು ಅಳದದ್ದ ತಪ್ಪೈತಿ. ಹನ್ನೊಂದು ಮಂದಿಗಷ್ಟ ಐತಿ. ಒಬ್ಬರಿಗೆ ಇಲ್ಲ ಅನ್ನಬೇಕಾಗತೈತಿ.”

“ಯಾರಿಗೆ?”

“ಎಲ್ಲಾರಿಗಿಂತ ಕಡೀಗೆ ಬರೋರಿಗೆ.”

ಅಜ್ಜಾರು ಪಂಚೆಯನ್ನು ಹಗ್ಗದ ಮೇಲೆ ಹರವಿದರು. ಗಡಿಬಿಡಿ ಇಲ್ಲ. ಆಮೇಲೆ ಕಸಬರಿಗೆ ತೆಗೆದುಕೊಂಡು ಕಟ್ಟೆಯಿಂದ ಗುಡಿಸಲು ಶುರುಮಾಡಿದರು. ಗುದ್ಲೆಪ್ಪ ನಡೆದ ದಾರಿಯಲ್ಲೇ ನದಿಯ ಕಡೆ ಗುಡಿಸುತ್ತ ಹೋದರು, ಗುಡಿಸುತ್ತಲೇ ಬಂದರು. ಗುಡಿಸಿದ್ದನ್ನೆಲ್ಲ ಖಾಲಿ ಬುಟ್ಟಿಗೆ ತುಂಬಿ ಅವನ ಮುಂದೆ ಇಟ್ಟರು.

ಬುಟ್ಟಿಯಲ್ಲಿ ಬರೀ ಸಿಪ್ಪೆ.

ಗುದ್ಲೆಪ್ಪ ನೋಡಿದ. ತನ್ನ ಬೆರಳು ನೋಡಿಕೊಂಡ. ನಾಲಿಗೆಯ ಮೇಲೆ ಶೇಂಗಾದ ರುಚಿ ಇದ್ದದ್ದು ಆಗ ತಿಳಿಯಿತು.

“ತಿಂದದ್ದು ಗೊತ್ತ ಆಗಲಿಲ್ರಿ,” ಎಂದ. ದನಿ ಸಣ್ಣದಾಗಿತ್ತು.

“ಹೊಟ್ಟಿ ಹಸದಿತ್ತು?”

“ಇಲ್ರಿ.”

“ಪುಸ್ತಕ ಕೊಡು.”

ಅಜ್ಜಾರು ಚಾಳೀಸು ಹಾಕಿಕೊಂಡು ಮೊದಲ ಹಾಳೆ ತೆರೆದರು. ಸಾಲಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದರು. ಬಾಡಿಗೆ, ಕರೆಂಟು, ಕಂತು, ದಾರ, ಗುಂಡಿ. ಮಾಸ್ತರನ ಪಗಾರ, ಮಷೀನು ತುಳಿಯುವ ಇಬ್ಬರ ಪಗಾರ. ಪೆನ್ಸಿಲಿನ ಗೆರೆಯ ಕೆಳಗಿದ್ದ ಮಾಬೂಬಿಯ ಹೆಸರನ್ನೂ ಓದಿದರು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

“ಇತರೆ ಖರ್ಚು, ಎರಡು ಲಕ್ಷ ಎಪ್ಪತ್ತು ಸಾವಿರ. ಇದೇನು?”

ಅದು ಚಿಲ್ಲರೆ ಬಾಬತ್ತು ಎಂದ ಗುದ್ಲೆಪ್ಪ. ವರ್ಷದ ಕೊನೆಗೆ ಪುಸ್ತಕಕ್ಕೂ ಗಲ್ಲಾಪೆಟ್ಟಿಗೆಗೂ ತಾಳೆಯಾಗದೆ ಎಷ್ಟು ಕಡಿಮೆ ಬೀಳುತ್ತದೆಯೋ ಅಷ್ಟನ್ನು ಆ ಸಾಲಿಗೆ ಬರೆದು ಮುಗಿಸುತ್ತಾನೆ. ಮುಂದಿನ ವರ್ಷದ ಅಂದಾಜಿಗೂ ಅದನ್ನೇ ಇಳಿಸುತ್ತಾನೆ. ಎಲ್ಲ ಅಂಗಡಿಯಲ್ಲೂ ಇರುವುದೇ ಅದು ಎಂದ.

“ಎಲ್ಲಾರ ಪಗಾರ ಬರದೀ. ನಿಂದು ಎಲ್ಲೈತಿ?”

ಗುದ್ಲೆಪ್ಪನಿಗೆ ಸ್ವಲ್ಪ ಜೀವ ಬಂತು. ಪೇಟೆಯಲ್ಲಿ ಅವನು ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತೇ ಇದು. “ನಾ ಒಂದ ರೂಪಾಯಿ ಪಗಾರ ತಗೊಳ್ಳೂದಿಲ್ರಿ ಅಜ್ಜಾರ. ಮಾಲಕಗ ಎಂಥಾ ಪಗಾರ? ಬೇಕಾದಾಗ ಗಲ್ಲಾದಾಗಿಂದ ತಗೊಂತೇನಿ. ಗಲ್ಲಾ ನಂದ…”

ಅವನ ಕಣ್ಣು ಸಿಪ್ಪೆಯ ಬುಟ್ಟಿಯ ಮೇಲೆ ಬಿತ್ತು.

“ಹೋದ ವಾರ ಎಷ್ಟು ತಗೊಂಡಿ?”

ನೆನಪು ಮಾಡಿಕೊಂಡ. ಗ್ಯಾಸ್ ಸಿಲಿಂಡರಿಗೆ ತೆಗೆದದ್ದು ಹೊಳೆಯಿತು. ಸ್ಕೂಟರಿನ ಟೈರು. ಷಡ್ಡಕನ ಮಗನ ತೊಟ್ಟಿಲಿಗೆ ಕೊಟ್ಟ ಉಡುಗೊರೆ. ಮಗಳ ಟ್ಯೂಷನ್ನಿನ ಫೀಸು ಹೋದ ವಾರವೋ, ಅದರ ಹಿಂದಿನದೋ? ಗೆಳೆಯರ ಜೊತೆ ಖಾನಾವಳಿಗೆ ಹೋದದ್ದು ಎಷ್ಟು ಸಲ? ಐನೂರೋ, ಐದು ಸಾವಿರವೋ, ಅವನಿಗೆ ಗೊತ್ತಿರಲಿಲ್ಲ. ಮಾಬೂಬಿಯ ಐವತ್ನಾಲ್ಕು ಸಾವಿರ ಮಾತ್ರ ಪೈಸೆ ಸಮೇತ ಗೊತ್ತಿತ್ತು.

ಕಿವಿ ಬಿಸಿಯಾದವು. ಮತ್ತೆ ನದಿಯ ಕಡೆ ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಬಂದಾಗಿನಿಂದ ಮೊದಲ ಸಲ ಅವನು ನೆಲಕ್ಕೆ ಕೂತ.

“ನನ್ನ ಮನೀನೂ ನಡೀಬೇಕಲ್ರಿ,” ಎಂದ.

“ನಡೀಬೇಕು,” ಎಂದರು ಅಜ್ಜಾರು.

ಅವರು ಪುಸ್ತಕವನ್ನು ಅವನ ಮಡಿಲಿಗಿಟ್ಟರು. ವಿಭೂತಿ ಹಚ್ಚಲಿಲ್ಲ. ಅವನ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ಕೊಟ್ಟರು.

“ಕಡೀ ಸಾಲು ಹೊಡದುಹಾಕಿ, ಅಲ್ಲೆ ನಿನ್ನ ಹೆಸರು ಬರಿ. ಹೆಸರಿನ ಮುಂದ, ತಿಂಗಳಿಗೆ ಇಷ್ಟು ಅಂತ ಪಗಾರ ಬರಿ. ಬರದ ಮ್ಯಾಲೂ ಮಾಬೂಬೀನ ಹೋಗಬೇಕು ಅಂತ ಕಂಡ್ರ, ಪಾಡ್ಯದ ದಿನ ನಾನ ನಿನ್ನ ಅಂಗಡಿಗೆ ಬಂದು ಆಕಿಗೆ ಹೇಳ್ತೇನಿ.”