ಬೆನ್ನು ಹರಿಯದ ಅಂಗಿ

"ಆ ಡಕೋಟಾದ ಕಥಿ ಇನ್ನೊಮ್ಮೆ ಹೇಳ್ರಿ," ಅಂದಳು ತುಳಜವ್ವ. ಆಮೇಲೆ ಅವಳು ಏನೂ ಅನ್ನಲಿಲ್ಲ.

ಗಂಡ ಪಾಂಡೋಜಿ ಅವಳು ಕಾಯಿಲೆಯಿಂದ ಮಲಗಿದ್ದ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಹೇಳಿದ. ಮದುವೆಯಾದಾಗಿನಿಂದ ಹೇಳುತ್ತ ಬಂದ ಕಥೆ. ಹೇಳಿ ಮುಗಿಸಿ ನೋಡಿದರೆ ಅವಳು ಹೋಗಿಬಿಟ್ಟಿದ್ದಳು.

ನಾಲ್ಕು ತಿಂಗಳು ಕಳೆದವು. ಪಾಂಡೋಜಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂದು ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದ.

ಆಶ್ರಮ ಅಂದರೆ ಎರಡು ಕೋಣೆ, ಒಂದು ಬೇವಿನ ಗಿಡ. ಅಲ್ಲಿದ್ದ ಗುರುವಿಗೆ ತೊಂಬತ್ತರ ಹತ್ತಿರ. ಕಾವಿ ಉಡುವುದಕ್ಕೆ ಮುಂಚೆ ಅವರು ವಾಯುಸೇನೆಯಲ್ಲಿದ್ದರು. ಪಾಂಡೋಜಿ ಸಾಮಾನು ಕೆಡವುತ್ತಿದ್ದ ಡಕೋಟಾ ವಿಮಾನದಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು ಅವರೇ. ಅವನಿಗೆ ಕೆಲಸ ಕಲಿಸಿದವರೂ ಅವರೇ.

"ನಮಸ್ಕಾರ್ರೀ ಸಾಹೇಬ್ರ."

"ಸಾಹೇಬ ಸತ್ತು ಮೂವತ್ತು ವರ್ಷ ಆತು," ಅಂದರು ಗುರು. "ಕೂಡು. ಏನೋ ಇಷ್ಟು ಒಣಗೀದಿ! ಈಗಾದ್ರ ಡಕೋಟಾದ ಬಾಗಿಲ ಗಾಳಿ ಮೂಟಿಗಿಂತ ಮೊದಲ ನಿನ್ನನ್ನ ಒಯ್ದೀತು."

ಪಾಂಡೋಜಿ ನಗಲಿಲ್ಲ.

"ತುಳಜಾ ಹೋದ್ಲ್ರೀ."

ಗುರು ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದೆ ಸರಿಸಿದರು.

"ಒಂದು ಕೇಳಬೇಕಾಗಿತ್ರಿ. ಹೋಗೋ ಮುಂದ ಅಕಿ ನನ್ನ ಕಥಿ ಎಲ್ಲೀತನಕ ಕೇಳಿದ್ಲು?"

"ಯಾವ ಕಥಿ?"

"ಇಂಜಿನ್ ನಿಂತ ದಿನದ್ದು."

ಆ ದಿನ ಇಬ್ಬರಿಗೂ ಗೊತ್ತಿತ್ತು.

ಹಿಮದ ಬೆಟ್ಟಗಳಲ್ಲಿ ಕಾವಲಿದ್ದ ಸಿಪಾಯಿಗಳಿಗೆ ದಾರಿ ಇರಲಿಲ್ಲ. ಅವರ ಅಕ್ಕಿ, ಉಪ್ಪು, ಬೇಳೆ ಎಲ್ಲ ಆಕಾಶದಿಂದಲೇ ಬೀಳಬೇಕು. ಡಕೋಟಾದ ಬಾಗಿಲನ್ನೇ ಕಿತ್ತಿಟ್ಟು ಹಾರಿಸುತ್ತಿದ್ದರು. ಗಂಟೆ ಹೊಡೆದ ಕೂಡಲೇ ಇಬ್ಬರು ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಎರಡೂ ಕಾಲಿಂದ ಮೂಟೆ ಒದ್ದು ಹೊರಗೆ ಹಾಕಬೇಕು. ನಿಂತು ಕೈಯಿಂದ ತಳ್ಳಿದರೆ ಮೂಟೆಯ ಹಿಂದೆ ಮನುಷ್ಯನೂ ಹೋಗುತ್ತಾನೆ. ಅದಕ್ಕೇ ಮಲಗಿ ಒದೆಯುವುದು. ಹಿಂದೆ ಮುಂದೆ ಜರುಗುವಾಗ ತಗಡಿನ ನೆಲದ ರಿವೆಟ್ಟು ಮೊಳೆಗಳಿಗೆ ಉಜ್ಜಿ ಉಜ್ಜಿ ಅಂಗಿಯ ಬೆನ್ನು ಚಿಂದಿಯಾಗುತ್ತಿತ್ತು.

ಒದೆಯುವ ಇಬ್ಬರಲ್ಲಿ ಒಬ್ಬ ಪಾಂಡೋಜಿ. ಇನ್ನೊಬ್ಬ ಬೆಟಗೇರಿಯ ಬೆನ್ಯಾಮೀನ.

ಒಂದು ದಿನ ಕಣಿವೆಯ ನಡುವೆ ಎಡಗಡೆಯ ಇಂಜಿನ್ ನಿಂತುಬಿಟ್ಟಿತು. ಎದುರಿಗೆ ಗುಡ್ಡ. ಭಾರ ಇಳಿಸದೆ ಅದನ್ನು ದಾಟುವಂತಿರಲಿಲ್ಲ. ಗಂಟೆ ಬಿಡದೆ ಹೊಡೆಯಿತು. ಮೂವತ್ತೆರಡು ಮೂಟೆ ಕಾಡಿಗೆ ಬಿದ್ದವು. ಡಕೋಟಾ ಗುಡ್ಡದ ನೆತ್ತಿ ಸವರಿಕೊಂಡು ದಾಟಿತು. ಇಳಿದ ಮೇಲೆ ಬೆನ್ಯಾಮೀನನಿಗೆ ಎದ್ದು ನಿಲ್ಲಲಾಗಲಿಲ್ಲ. ಅವನ ಬೆನ್ನಿನ ಮಣಿ ಜಾರಿತ್ತು. ಸೇನೆ ಅವನನ್ನು ಮನೆಗೆ ಕಳಿಸಿತು.

"ಅಕಿಗೆ ನಾ ಏನು ಹೇಳ್ತಿದ್ದೆ ಗೊತ್ತೇನ್ರಿ? ಬೆನ್ಯಾಮೀನ ಹೆದರಿ ಕಂಬಿ ತಬ್ಬಿಕೊಂಡು ಕೂತ, ಮೂವತ್ತೆರಡೂ ನಾನೊಬ್ಬನ ಒದ್ದೆ ಅಂತ. ಇಳಿಯೋ ಮುಂದ ಕಾಲು ನಡುಗಿ ಬಿದ್ದು ಬೆನ್ನು ಮುರಕೊಂಡ ಅಂತ."

"ಹೂಂ."

"ಅಕಿ ನಗತಿದ್ಲು. ನಿಮ್ಮ ಪುಕ್ಕಲ ಬೆನ್ಯಾಮೀನ ಹ್ಯಾಂಗದಾನ್ರೀ ಅಂತ ಕೇಳತಿದ್ಲು. ಐವತ್ತು ವರ್ಷ."

ಪಾಂಡೋಜಿ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ.

"ಅಕಿ ಹೋದ ದಿನ ಕಥಿ ಹೇಳಕೋತ ಅರ್ಧಕ್ಕ ಬಂದೆ. ಸುಳ್ಳು ನಾಲಿಗಿಗೆ ಬರಲಿಲ್ರಿ. ಕಂಬಿ ತಬ್ಬಿಕೊಂಡು ಕೂತಾಂವ ನಾನು ಅಂದೆ. ಒದ್ದಾಂವ ಅವ ಅಂದೆ."

"ನನಗ ಗೊತ್ತದ," ಅಂದರು ಗುರು.

ಪಾಂಡೋಜಿ ತಲೆ ಎತ್ತಿದ.

"ನೀವು ಮುಂದ ಪೈಲಟ್ ಕಡೆ ಇದ್ರಿ. ನಿಮಗ ಹ್ಯಾಂಗ ಕಾಣತದ?"

"ಇಳಿದ ಮ್ಯಾಲೆ ನಿನ್ನ ಅಂಗಿ ನೋಡಿದೆ. ಬೆನ್ನು ಹರಿದಿರಲಿಲ್ಲ. ಇಸ್ತ್ರಿ ಗೆರಿ ಸುದ್ದಾ ಹಂಗ ಇತ್ತು."

"ಮತ್ತ ಯಾಕ ಸುಮ್ಮನಿದ್ರಿ?"

"ನನ್ನ ಚಡ್ಡಿ ಒದ್ದಿ ಆಗಿತ್ತು. ಯಾವ ಬಾಯಿಂದ ಹೇಳಲಿ?"

ಹೊಳೆಯ ಆಚೆ ಯಾರೋ ಎಮ್ಮೆಗಳನ್ನು ನೀರಿಗಿಳಿಸಿದರು. ಇಬ್ಬರೂ ಅದನ್ನೇ ನೋಡುತ್ತ ಕೂತರು.

"ಅಕಿ ಖರೇ ಮಾತು ಕೇಳಿ ಹೋಗಿದ್ರ, ನನಗ ಉಗುಳಿ ಹೋದ್ಲು," ಅಂದ ಪಾಂಡೋಜಿ. "ಅದಕ್ಕಿಂತ ಮೊದಲ ಹೋಗಿದ್ರ, ಇಲ್ಲದ ಗಂಡನ ಜೊತಿ ಬಾಳೇ ಮಾಡಿ ಹೋದ್ಲು. ಯಾವುದು? ಅದೊಂದು ತಿಳಿದ್ರ ಸಾಕ್ರಿ."

"ಯಾವುದಾಗಿರಬೇಕಂತೀ?"

"ಅದೂ ತಿಳಿವಲ್ದು."

ಗುರು ಚಾಪೆ ಎಳೆದುಕೊಂಡು ಅವನ ಎದುರಿಗೆ ಕೂತರು.

"ಅಕಿಗೆ ಹ್ಯಾಂಗ ಹೇಳಿದಿ, ನನಗೂ ಹಂಗ ಹೇಳು. ಒಂದು ಮಾತು ಬಿಡಬ್ಯಾಡ."

ಪಾಂಡೋಜಿ ಸುರುಮಾಡಿದ. ಬೆಳಗಿನ ಚಳಿ ಹೇಳಿದ. ಕೈಗೆ ಅಂಟುವ ತಣ್ಣನೆಯ ತಗಡು ಹೇಳಿದ. ಬೆನ್ಯಾಮೀನ ಬೀಡಿ ಕಚ್ಚಿಕೊಂಡು ಮೂಟೆಗಳ ಮೇಲೆ ಕಾಲು ಚಾಚಿ, ಕ್ರಿಸ್‌ಮಸ್ಸಿಗೆ ರಜೆ ಸಿಕ್ಕರೆ ಏನೇನು ತಿನ್ನುತ್ತೇನೆ ಅಂತ ಹೇಳುತ್ತಿದ್ದದ್ದು ಹೇಳಿದ. ಇಂಜಿನ್ ಕೆಮ್ಮಿದ್ದು, ನಿಂತದ್ದು. ಬಾಗಿಲಿಲ್ಲದ ಬಾಗಿಲಲ್ಲಿ ಆಕಾಶ ಹೋಗಿ ಗುಡ್ಡ ಬಂದದ್ದು. ಗಂಟೆ. ಆಮೇಲೆ ತನ್ನ ಎರಡು ಕೈ ಕಂಬಿಗೆ ಬಿದ್ದದ್ದು, ಬಿಡಿಸಿಕೊಳ್ಳಲಾಗದ್ದು. ಬೆನ್ಯಾಮೀನ ನೆಲದ ಮೇಲಿಂದ ಕೂಗಿದ್ದು: "ಬಾರೋ ಪಾಂಡು! ಒಬ್ಬನ ಕಡೆಯಿಂದ ಆಗೂದಿಲ್ಲೋ!" ಅವನು ಕೂಗಿ ಕೂಗಿ ಸುಮ್ಮನಾದದ್ದು. ಒಬ್ಬನೇ ಒದ್ದದ್ದು.

ಕಡೆಯ ಮೂಟೆ ಹೋಯಿತು. ಕಥೆ ಮುಗಿಯಿತು. ಪಾಂಡೋಜಿ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಕಣ್ಣು ಬಿಟ್ಟ.

ಎದುರಿನ ಚಾಪೆ ಖಾಲಿ ಇತ್ತು.

ಗುರು ಹೊಳೆಯ ಕಲ್ಲಿನ ಮೇಲೆ ಕಾವಿ ಬಟ್ಟೆ ಒಗೆಯುತ್ತಿದ್ದರು. ಆಗಲೇ ಒಂದು ಬಟ್ಟೆ ಒಗೆದು ಪಕ್ಕಕ್ಕಿಟ್ಟಿದ್ದರು.

ಪಾಂಡೋಜಿ ಎಡವುತ್ತ ಇಳಿದು ಬಂದ. ಮೈಯೆಲ್ಲ ಉರಿಯುತ್ತಿತ್ತು.

"ಹೇಳು ಅಂದಾವರೂ ನೀವ, ಎದ್ದು ಹೋದಾವರೂ ನೀವ! ಯಾವಾಗ ಎದ್ರಿ?"

"ಎದುರಿಗೆ ಕೂತಾಂವ ನೀನು. ನೀನ ಹೇಳಬೇಕು."

"ನಾ ನೋಡಲಿಲ್ಲ. ಕಥಿ ಹೇಳೋ ಮುಂದ ನನ್ನ ಕಣ್ಣು ಮುಚ್ಚತಾವ."

"ಯಾವಾಗಿಂದ?"

ಪಾಂಡೋಜಿ ಬಾಯಿ ತೆರೆದ.

"ಮೊದಲಿಂದಲೂ."

ಗುರು ತೊಯ್ದ ಬಟ್ಟೆಯ ಒಂದು ತುದಿ ಅವನ ಕೈಗೆ ಕೊಟ್ಟರು. ಇಬ್ಬರೂ ಎರಡು ಕಡೆಯಿಂದ ಹಿಂಡಿದರು. ನೀರು ಉಸುಕಿಗೆ ಬಿತ್ತು.

ಬಿಸಿಲು ಇಳಿಯುವ ತನಕ ಪಾಂಡೋಜಿ ಆ ಉಸುಕಿನಲ್ಲೇ ಕೂತ. ಕಥೆ ಕೇಳುವಾಗ ತುಳಜವ್ವನ ಮುಖ ಹೇಗಿರುತ್ತಿತ್ತು ಅಂತ ನೆನೆಸಿಕೊಳ್ಳಲು ನೋಡಿದ. ಅವಳ ನಗುವಿನ ಸಪ್ಪಳ ನೆನಪಿತ್ತು. ಅಕ್ಕಿ ಹಸನು ಮಾಡುವಾಗಿನ ಬಳೆಯ ಸಪ್ಪಳ ನೆನಪಿತ್ತು. ಮುಖ ಬರಲಿಲ್ಲ. ಐವತ್ತು ವರ್ಷದಲ್ಲಿ ಒಂದು ಸಲದ್ದೂ ಬರಲಿಲ್ಲ.

ಗುರು ಒಣಗಿದ ಬಟ್ಟೆ ಮಡಚುತ್ತ ಬಂದು ನಿಂತರು.

"ಬೆನ್ಯಾಮೀನ ಅದಾನೇನು?"

"ಅದಾನಂತ್ರಿ. ಬೆಟಗೇರಿಯಾಗ. ಪ್ರೆಸ್ಸಿನಾಗ ಅಕ್ಷರದ ಮೊಳೆ ಜೋಡಸೋ ಕೆಲಸ ಮಾಡಿದನಂತ. ಈಗ ಬಗ್ಗಿ ನೆಲಾ ನೋಡಕೋತ ನಡೀತಾನಂತ."

"ನೋಡಾಕ ಹೋಗಿದ್ದಿ ಏನು?"

"ಇಲ್ಲ."

"ಒಮ್ಮೆಯೂ?"

"ಯಾವ ಮಾರಿ ತಗೊಂಡು ಹೋಗಲ್ರಿ?"

ಗುರು ಬಟ್ಟೆ ಒಳಗಿಡಲು ಹೋದರು.

ಮರುದಿನ ಮುಂಜಾನೆ ಪಾಂಡೋಜಿ ಹೊಳೆಯಲ್ಲಿ ಮುಳುಗಿ ಎದ್ದ. ಗುರು ಕೊಟ್ಟ ರೊಟ್ಟಿಯಲ್ಲಿ ಅರ್ಧ ತಿಂದ. ಚೀಲ ಹೆಗಲಿಗೆ ಹಾಕಿಕೊಂಡು ಬೆಟಗೇರಿಗೆ ಹೋಗಲು ಗದಗದ ಬಸ್ಸು ನಿಲ್ಲುವ ಕಡೆ ಹೊರಟ.

ಬೇವಿನ ಗಿಡ ದಾಟಿದವನು ನಿಂತ. ತಿರುಗಿ ನೋಡಿದ.

"ಸಾಹೇಬ್ರ, ನಾ ಬಾಯಿ ತೆರೆದ ಕೂಡಲೇ ಬೆನ್ಯಾಮೀನ ಎದ್ದು ಹೋದರ?"

ಗುರು ಅಂಗಳ ಗುಡಿಸುತ್ತಿದ್ದರು. ಕಸಬರಿಗೆ ನಿಲ್ಲಿಸಲಿಲ್ಲ.

"ಅವ ಹೋಗೋದನ್ನಾದ್ರೂ ಕಣ್ಣು ಬಿಟ್ಟು ನೋಡು."