ಟರ್ಬೊ ಕೆಳಗಿನ ಹೋಸು

ದಾವಲಸಾಬ ಗ್ಯಾರೇಜು ನಡೆಸುತ್ತಿದ್ದ ಶೆಡ್ಡು ಗುರುಪಾದಪ್ಪನದು. ಒಂದು ದಿನ ಅದೇ ಗುರುಪಾದಪ್ಪನ ಕಾರು ಎಂಜಿನ್ ತಂಪಾಗಿಡುವ ಕೂಲಂಟ್ ಸೋರಿಸುತ್ತಾ ಬಂತು. ಒಡೆದ ರಬ್ಬರ್ ಹೋಸು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಕೆಳಗೆ, ಅದನ್ನು ಬಿಚ್ಚದೆ ಕೈಗೆಟುಕದ ಸಂದಿಯಲ್ಲಿತ್ತು.

"ಹೋಸ್ ಅಷ್ಟ ಬದಲಿಸು. ಬ್ಯಾರೆ ಒಂದು ಬೋಲ್ಟ್ ಬಿಚ್ಚಿದರೂ ನಾಳೆ ಶೆಡ್ ಖಾಲಿ ಮಾಡು," ಎಂದ ಗುರುಪಾದಪ್ಪ.

ದಾವಲಸಾಬ ಎಂಜಿನ್ ತಣ್ಣಗಾಗುವವರೆಗೂ ಯೋಚಿಸಿದ. ಆಮೇಲೆ ಹೆದರುತ್ತಲೇ ಹೇಳಿದ: "ಯಜಮಾನ್ರ, ನನ್ನ ಕೈ ದಪ್ಪ. ನಿಮ್ಮ ಕೈ ತೆಳ್ಳಗೈತಿ. ಹೋಸ್ ಎಲ್ಲೈತಿ ಅಂತ ನೀವ ಮುಟ್ಟಿ ತೋರಿಸ್ರಿ."

ಗುರುಪಾದಪ್ಪ ಗತ್ತಿನಿಂದ ಅಂಗಿಯ ತೋಳು ಮಡಚಿ ಕೈ ಇಳಿಸಿದ. ಹೋಸು ಸಿಕ್ಕಿತು. ಕೈ ಮಾತ್ರ ವಾಪಸು ಬರಲಿಲ್ಲ. ಎಳೆದಷ್ಟೂ ಬಿಗಿಯಿತು.

"ಬಿಚ್ಚಲೇನ್ರಿ?" ದಾವಲಸಾಬ ಸ್ಪ್ಯಾನರ್ ಹಿಡಿದು ಕೇಳಿದ.

"ಎಲ್ಲಾ ಬಿಚ್ಚೋ ಮಾರಾಯ."

ಟರ್ಬೊ ಕಳಚಿದ ಮೇಲೆ ಕೈ ಹೊರಬಂತು. ಗುರುಪಾದಪ್ಪ ಅದನ್ನು ತಿಕ್ಕಿಕೊಳ್ಳುತ್ತಾ ಎತ್ತಲೋ ನೋಡಿದ.

"ಹೆಂಗೂ ಬಿಚ್ಚೀಯಲ್ಲ, ಹೊಸ ಹೋಸ್ ಹಾಕಿಬಿಡು."