ಓಡಿದ ಮೇಲೆ ಎದೆ ಹಗುರಾಗುವುದೇಕೆ

ಭೂಮಿಯ ಮೇಲೆ ಹುಲ್ಲು ಆಗಷ್ಟೇ ಹುಟ್ಟಿತ್ತು. ಯಾವ ದಿಕ್ಕಿಗೆ ಬೀಸಬೇಕೆಂದು ಗಾಳಿಗೆ ಇನ್ನೂ ಗೊತ್ತಿರಲಿಲ್ಲ. ಆಗ ಚಿಗರಿ ಜಿಂಕೆಗಳು ಓಡುತ್ತಲೇ ಇರಲಿಲ್ಲ. ಕೊಳದ ಪಕ್ಕದಲ್ಲಿ ಮೇಯುವುದು, ಅಲ್ಲೇ ಮಲಗುವುದು.

ಆ ಹಿಂಡಿನಲ್ಲಿ ನೀಲವ್ವ ಎಂಬ ತಾಯಿ ಚಿಗರಿ ಇದ್ದಳು. ಅವಳ ಮರಿಗೆ ಇನ್ನೂ ಹುಲ್ಲು ಅಗಿಯಲು ಬರುತ್ತಿರಲಿಲ್ಲ, ಹಾಲೇ ಬೇಕು. ಒಂದು ಬೇಸಿಗೆಯಲ್ಲಿ ಕೊಳ ಒಣಗುತ್ತಾ ಬಂತು. ಹೊಳೆ ಇದ್ದದ್ದು ದೂರದ ದಿಬ್ಬದಾಚೆ.

ನೀಲವ್ವ ಹೊರಟಳು. ಸ್ವಲ್ಪ ಓಡುವಷ್ಟರಲ್ಲೇ ಎದೆ ಭಾರವಾಗಿ ಕುಸಿದು ಕೂತಳು.

"ಏನಾಯಿತೋ ನಿನಗೆ?" ಎಂದು ತನ್ನ ಹೃದಯವನ್ನೇ ಕೇಳಿದಳು.

"ನನ್ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳಿವೆ, ತಾಯಿ," ಎಂದಿತು ಹೃದಯ. "ಮನೆಮನೆಯಲ್ಲೂ ಒಲೆಗಳು. ಅವು ಉರಿದರೇನೇ ನನಗೆ ಶಕ್ತಿ. ಈಗ ಎಷ್ಟೋ ಒಲೆಗಳು ಒಡೆದುಹೋಗಿವೆ. ಕಾಲಿಡಲು ಜಾಗವಿಲ್ಲದಷ್ಟು ಚೂರು!"

"ಆಚೆ ಎಸೆ ಮತ್ತೆ!"

"ಎಸೆದರೆ ಹೊಸ ಒಲೆಗೆ ಮಣ್ಣೆಲ್ಲಿಂದ ತರಲಿ?"

ದಾರಿಯಲ್ಲಿ ಹೋಗುತ್ತಿದ್ದ ಗಾಳಿ ನಿಂತು ಹೇಳಿತು: "ಎಸೆಯಬೇಡಪ್ಪ. ಆ ಚೂರುಗಳನ್ನೇ ಪುಡಿಮಾಡು. ಅದೇ ಮಣ್ಣಿನಲ್ಲಿ ಹೊಸ ಒಲೆ ಕಟ್ಟು."

"ಮಾಡಬಹುದು. ಆದರೆ ಇವಳು ಕೂತೇ ಇದ್ದರೆ ನನಗೇನು ಅವಸರ?" ಎಂದಿತು ಹೃದಯ.

ನೀಲವ್ವನಿಗೆ ರೋಷ ಬಂತು. "ಹಾಗೋ? ಇಗೋ, ಎದ್ದೆ!"

ಅಂದು ಮುಳ್ಳುಕಂಟಿಯವರೆಗೆ ಓಡಿದಳು. ಮರುದಿನ ಹುತ್ತದವರೆಗೆ. ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಅವಳು ಓಡಿದಾಗಲೆಲ್ಲ ಹೃದಯಕ್ಕೆ ಶಕ್ತಿ ಸಾಲದೆ ಬಂತು. ಬೇರೆ ದಾರಿ ಕಾಣದೆ ಒಡೆದ ಒಲೆಗಳನ್ನು ಕುಟ್ಟಿ ಪುಡಿಮಾಡಿತು. ಅವಳು ಮಲಗಿದಾಗ ಆ ಪುಡಿ ಕಲಸಿ ಹೊಸ ಒಲೆ ಕಟ್ಟಿತು.

"ಸುಮ್ಮನೆ ಯಾಕೆ ದಣೀತೀಯವ್ವಾ? ಇರೋ ಜೀವನೂ ಹೋದೀತು," ಎಂದ ಹಿಂಡಿನ ಹಿರಿಯ ಸಂಗಪ್ಪ.

ನೀಲವ್ವ ಎದ್ದಳು. ಓಡಿದಳು.

ಕೊನೆಗೊಂದು ಬೆಳಿಗ್ಗೆ ಕೊಳದಲ್ಲಿ ಬರೀ ಕೆಸರು ಉಳಿಯಿತು. ನೀಲವ್ವನ ಕೆಚ್ಚಲು ಬತ್ತಿತು. ಮರಿ ಕೂಗಲೂ ಆಗದೆ ಬಾಯಿ ತೆರೆದು ಅವಳನ್ನೇ ನೋಡಿತು.

"ಆಗುತ್ತೇನೋ?" ಎಂದಳು ನೀಲವ್ವ, ಮೆಲ್ಲಗೆ.

"ಒಲೆಗಳೆಲ್ಲ ಉರಿಯುತ್ತಿವೆ. ನಡಿ ತಾಯಿ!" ಎಂದಿತು ಹೃದಯ.

ಅವಳು ಹಾರಿದಳು! ಮುಳ್ಳುಕಂಟಿ ಹಿಂದಾಯಿತು, ಹುತ್ತ ಹಿಂದಾಯಿತು, ದಿಬ್ಬವೂ ಹಿಂದಾಯಿತು. ಜೊತೆಗೆ ಓಡಿದ ಗಾಳಿಗೇ ಏದುಸಿರು. ಹೊಳೆ ನಗುತ್ತಾ, "ಬಾ ಮಗಳೇ, ಹೊಟ್ಟೆ ತುಂಬ ಕುಡಿ" ಎಂದಿತು. ದಡದ ಹಸಿರು ಮೇದು, ನೀರು ಕುಡಿದು, ಬಂದಷ್ಟೇ ವೇಗದಲ್ಲಿ ಅವಳು ಮರಳಿದಳು. ಕೆಚ್ಚಲು ತುಂಬಿತ್ತು. ಮರಿ ಚಪ್ಪರಿಸಿ ಕುಡಿದು ಬಾಲ ಅಲ್ಲಾಡಿಸಿತು.

ಸಂಗಪ್ಪ ಕೊಂಬು ತಗ್ಗಿಸಿದ. "ನಮಗೂ ಕಲಿಸವ್ವಾ."

"ಮೊದಲು ಎದ್ದು ನಿಲ್ಲು," ಎಂದಳು ನೀಲವ್ವ.

ಅದಕ್ಕೇ ಮಗೂ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಚಿಗರಿಗಳು ಬಯಲಿನಲ್ಲಿ ಚಂಗನೆ ನೆಗೆದು ಓಡುತ್ತವೆ. ನೀನು ದಿನವೂ ಓಡಿ ಬಂದು ಎದೆ ಮುಟ್ಟಿಕೊಂಡಾಗ ಕೇಳುವ ಆ ಢವಢವ, ನಿನ್ನ ಹೃದಯ ಹಳೆಯದನ್ನು ಕುಟ್ಟಿ ಹೊಸದನ್ನು ಕಟ್ಟುವ ಸದ್ದು. ಒಡೆದ ಚೂರುಗಳು ಕರಗಿದಷ್ಟೂ ಎದೆ ಹಗುರ.